ಸಣ್ಣ ಎಫ್‌ನ ಅಪ್ಪ

ಮಗಳ ಇಂಗ್ಲಿಷ್ ಹೋಮ್‌ವರ್ಕ್ ನನ್ನ ಪಾಲಿಗೆ ಬಂದದ್ದು ನನ್ನ ಇಂಗ್ಲಿಷ್ ಚೆನ್ನಾಗಿದೆ ಎಂದಲ್ಲ, ನಾನು ಒಗ್ಗರಣೆ ಸೀಯಿಸುತ್ತೇನೆ ಎಂದು. ವ್ಯಕ್ತಿ, ಊರು, ವಾರ, ತಿಂಗಳು, ಹೀಗೆ ಅಂಕಿತನಾಮ ಕಂಡಲ್ಲೆಲ್ಲ ಮೊದಲ ಅಕ್ಷರ ದೊಡ್ಡದು ಮಾಡಬೇಕು. ನಾನೋ ಐದನೇ ಕ್ಲಾಸಿನಲ್ಲಿ ಎಬಿಸಿಡಿ ಮುಖ ಕಂಡವನು. ಕನ್ನಡದಲ್ಲಿ ಈ ರಗಳೆಯೇ ಇಲ್ಲ. ಹಂಪಿಯ ‘ಹ’ಕ್ಕೂ ಹಂದಿಯ ‘ಹ’ಕ್ಕೂ ಒಂದೇ ಗಾತ್ರ. 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರೂಢ, ಅನ್ವರ್ಥ, ಅಂಕಿತ ಎಂದು ನಾಮಗಳನ್ನು ಬೇರೆ ಬೇರೆ ಕೂರಿಸಿದ, ಯಾರಿಗೂ ಮಣೆ ಎತ್ತರ ಮಾಡಲಿಲ್ಲ.

ಮಗಳು ಬರೆದಿದ್ದ ವಾಕ್ಯ: ‘ಮೈ ಫಾದರ್ ಟುಕ್ ಟಾಮಿ ಟು ಎಲೆಕ್ಟ್ರಾನಿಕ್ ಸಿಟಿ ಆನ್ ಸಂಡೆ.’ ಟಾಮಿಗೆ ದೊಡ್ಡ ಟಿ. ಎಲೆಕ್ಟ್ರಾನಿಕ್‌ಗೊಂದು, ಸಿಟಿಗೊಂದು. ಭಾನುವಾರಕ್ಕೂ ದೊಡ್ಡ ಎಸ್. ಫಾದರ್‌ಗೆ ಮಾತ್ರ ಸಣ್ಣ ಎಫ್! ಅದೂ ಮೊದಲು ದೊಡ್ಡದಿದ್ದದ್ದನ್ನು ಹಾಳೆ ತೂತಾಗುವಷ್ಟು ರಬ್ಬರಿನಿಂದ ತಿಕ್ಕಿ ಸಣ್ಣದು ಮಾಡಿದ್ದಳು.

“ಇದೇನಮ್ಮ, ನಾಯಿಗಿಂತ ಕಡೆಯಾದೆನಾ?”

“ಮುಂದೆ ಮೈ ಬಂದರೆ ಫಾದರ್ ಸಣ್ಣದಪ್ಪಾ. ಹೆಸರಿನ ಥರ ಕರೆದರೆ ಮಾತ್ರ ದೊಡ್ಡದು. ಮಿಸ್ ಹೇಳಿದ್ದಾರೆ.”

ಅಡುಗೆಮನೆಯಿಂದ ತೀರ್ಪು ಬಂತು: “ಸರಿಯಾಗೇ ಇದೆ ರೀ. ಒಬ್ಬರ ಕೈಗೆ ಸಿಕ್ಕಮೇಲೆ ಗಂಡಸು ಸಣ್ಣಕ್ಷರವೇ.”

ನಾನು ಬಿಡಲಿಲ್ಲ. 2025ರ ಆಗಸ್ಟ್ 10ರಂದು ನಮ್ಮೂರು ಹೆಬ್ಬಗೋಡಿಗೂ ಮೆಟ್ರೋದ ಹಳದಿ ಮಾರ್ಗ ಬಂತಲ್ಲ, ಅದನ್ನೇ ಸಾಕ್ಷಿಗೆ ಕರೆದೆ. ಬರೀ ಮೆಟ್ರೋ ಸಣ್ಣ ಎಮ್. ‘ನಮ್ಮ’ ಸೇರಿದ್ದೇ ತಡ, ಎರಡಕ್ಕೂ ದೊಡ್ಡಕ್ಷರ. ಹಾಗಿದ್ದರೆ ‘ನನ್ನ’ ಸೇರಿದ ಅಪ್ಪ ಯಾಕೆ ಕುಗ್ಗಬೇಕು?

“ಅದಕ್ಕೆ ಹಾಗಂತಲೇ ಹೆಸರಿಟ್ಟಿದ್ದಾರೆ. ನಿಂಗೆ ಯಾರೂ ಇಟ್ಟಿಲ್ಲ.”

ಅದೂ ನಿಜವೇ. ನಮ್ಮ ಸ್ಟೇಷನ್ನಿನ ಹೆಸರು ಬಯೋಕಾನ್ ಹೆಬ್ಬಗೋಡಿ. ಊರೇ ಎರಡನೇ ಸ್ಥಾನಕ್ಕೆ ಹೊಂದಿಕೊಂಡಿರುವಾಗ ನಾನು ಯಾವ ಲೆಕ್ಕ? ನನಗೆ ಮರ್ಯಾದೆ ಸಿಗುವುದು ಬ್ಯಾಂಕಿನ ಫಾರಂನಲ್ಲಿ ಮಾತ್ರ. ಅಲ್ಲಿ ಅಡಿಯಿಂದ ಮುಡಿಯವರೆಗೂ ಕ್ಯಾಪಿಟಲ್ ಲೆಟರೇ.

ಅಷ್ಟರಲ್ಲಿ ಅಂಗಡಿ ಚೀಟಿ ಕೈಗೆ ಬಂತು. ಪ್ರಾಕ್ಟೀಸ್ ಆಗಲಿ ಎಂದು ಹೆಂಡತಿ ಮಗಳ ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆಸಿದ್ದಳು. ನಂದಿನಿ ಹಾಲಿನ ನಂದಿನಿಗೆ ದೊಡ್ಡ ಎನ್, ಮೈಸೂರು ಸ್ಯಾಂಡಲ್ ಸೋಪಿನ ಮೈಸೂರಿಗೂ ಸ್ಯಾಂಡಲ್‌ಗೂ ದೊಡ್ಡದು. ಕೊನೆಯ ಸಾಲು: ‘ಫಾದರ್ ವಿಲ್ ಬ್ರಿಂಗ್.’ ಸಣ್ಣ ಎಫ್.

“ಇಲ್ಲಿ ಮೈ ಇಲ್ಲವಲ್ಲ! ದೊಡ್ಡದು ಮಾಡು.”

ಮಗಳು ಪೆನ್ಸಿಲ್ ಎತ್ತಿದಳು. ಎಫ್ ಮುಟ್ಟಲಿಲ್ಲ, ಅದರ ಹಿಂದಿದ್ದ ಚೂರು ಜಾಗದಲ್ಲಿ ‘ಮೈ’ ತುರುಕಿದಳು. ವಾಕ್ಯದ ಮೊದಲ ಪದ ನೋಡಿ, ಅದರ ಎಮ್ ದೊಡ್ಡದು. “ಹಾಗೇ ಕೊತ್ತಂಬರಿ ಸೊಪ್ಪೂ ತನ್ನಿ,” ಎಂದಳು ಇವಳು.