ಇಡೀ ದಾರಿಯನ್ನು ನುಡಿಸಿ: ರಾಲ್ಫ್ ಹ್ಯೂಟರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ರಾಲ್ಫ್ ಹ್ಯೂಟರ್ ಅವರೇ,

ಈ ಏಪ್ರಿಲ್‌ನಲ್ಲಿ, ಅಂದರೆ 2025ರ ಕೋಚೆಲ್ಲಾ ಉತ್ಸವಕ್ಕೆ, ಜರ್ಮನಿಯ ನಿಮ್ಮ ಎಲೆಕ್ಟ್ರಾನಿಕ್ ಸಂಗೀತ ತಂಡ ಕ್ರಾಫ್ಟ್‌ವೆರ್ಕ್ ಕ್ಯಾಲಿಫೋರ್ನಿಯಾದ ಇಂಡಿಯೋ ಊರಿಗೆ ಬರುತ್ತಿದೆ. 2004ರಲ್ಲೂ 2008ರಲ್ಲೂ ಅಲ್ಲಿ ನುಡಿಸಿ ಹೋದ ನಿಮಗೆ ಆ ಮೈದಾನ ಹೊಸದಲ್ಲ. ಕೇಳುಗರ ಸಾಲಿನಲ್ಲಿ ನಾನು ಹೊಸಬಳು. ಮೈಸೂರಿನವಳು, ಸ್ಯಾನ್ ಹೋಸೆಯಲ್ಲಿ ನೆಲೆಸಿದ್ದೇನೆ, ಕೇಳುತ್ತ ಬೆಳೆದದ್ದು ಕರ್ನಾಟಕ ಸಂಗೀತ. ಮಗಳು ಲೇಡಿ ಗಾಗಾ ಹಾಡುತ್ತಾರೆಂದು ಟಿಕೆಟ್ ತೆಗೆದಳು, ನಾನೂ ಜೊತೆಗೆ ಹೊರಟಿದ್ದೇನೆ. ಹೋಗುವ ಮುಂಚೆ ಪಟ್ಟಿಯಲ್ಲಿದ್ದವರನ್ನೆಲ್ಲ ಒಂದಿಷ್ಟು ಕೇಳಿಕೊಂಡಿರೋಣ ಎಂದು ಕೂತವಳು ನಿಮ್ಮ ಹೆಸರಿಗೆ ಬಂದು ಅಲ್ಲೇ ನಿಂತುಬಿಟ್ಟೆ. ನಿಮ್ಮ ಅಭಿಮಾನಿಗಳು ಬರೆದ ಪುಸ್ತಕಗಳು ಕಪಾಟು ತುಂಬುವಷ್ಟಿವೆ. ಅಭಿಮಾನಿಯಲ್ಲದವಳೊಬ್ಬಳು ಏನು ಕೇಳಿಸಿಕೊಂಡಳು ಎಂಬುದೂ ನಿಮಗೆ ತಲುಪಲಿ ಎಂದು ಈ ಪತ್ರ.

ಮೊದಲು ಹಾಕಿಕೊಂಡದ್ದು 1974ರ 'ಆಟೋಬಾನ್'. ಎಲ್‌ಪಿಯ ಒಂದು ಇಡೀ ಮಗ್ಗುಲನ್ನು ತುಂಬುವ ಒಂದೇ ಹಾಡು, 22 ನಿಮಿಷಕ್ಕೂ ಹೆಚ್ಚು. ಕಾರಿನ ಬಾಗಿಲು ಮುಚ್ಚುತ್ತದೆ, ಎಂಜಿನ್ ಚಾಲೂ ಆಗುತ್ತದೆ, ಹಾರ್ನ್ ಕೂಗುತ್ತದೆ. ಅಲ್ಲಿಂದಾಚೆಗೆ ಬರೀ ಹೆದ್ದಾರಿ. ಇನ್ನೇನೋ ಆಗಲಿದೆ ಎಂದು ಸ್ವಲ್ಪ ಹೊತ್ತು ಕಾದೆ. ಏನೂ ಆಗಲಿಲ್ಲ. ಎದುರಿನಿಂದ ಬಂದ ವಾಹನವೊಂದು ಪಕ್ಕದಲ್ಲಿ ಹಾದು ಹಿಂದೆ ಸರಿದ ಸದ್ದನ್ನು ಸಿಂಥಸೈಜರ್ ಹೊರಡಿಸುತ್ತದೆ, ಲಯ ಒಂಚೂರೂ ಅವಸರಪಡದೆ ಉರುಳುತ್ತದೆ, ಎಲ್ಲಿಂದಲೋ ಒಂದು ಕೊಳಲು ಬಂದು ಸೇರಿಕೊಳ್ಳುತ್ತದೆ. ಹತ್ತು ನಿಮಿಷ ಕಳೆಯುವ ಹೊತ್ತಿಗೆ ಕಾಯುವುದನ್ನು ಬಿಟ್ಟು ಕೇಳುತ್ತಿದ್ದೆ. ಸಾವಧಾನವಾಗಿ ರಾಗವನ್ನು ಬೆಳೆಸುವ ಹಾಡುಗಾರರ ಮುಂದೆ ಕೂತಾಗಲೂ ನನಗೆ ಹೀಗೇ ಆಗುತ್ತದೆ. ಮುಂದೇನು ಎಂಬ ಕಾತರ ಕರಗಿ, ಈಗ ಕಿವಿಗೆ ಬೀಳುತ್ತಿರುವುದೇ ಸಾಕು ಎನಿಸುವ ಘಟ್ಟ ಅದು.

ಇದೇ ಹಾಡನ್ನು ರೇಡಿಯೊಗೆಂದು ಸುಮಾರು ಮೂರೂವರೆ ನಿಮಿಷಕ್ಕೆ ಕತ್ತರಿಸಿದರಂತೆ, 1975ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು 25ನೇ ಸ್ಥಾನಕ್ಕೆ ಏರಿತಂತೆ. ಆ ತುಂಡನ್ನೂ ಕೇಳಿದೆ. ಸೊಗಸಾದ ಹಾಡು. ಆದರೆ ಅದರಲ್ಲಿ ಪ್ರಯಾಣವಿಲ್ಲ.

ಎಲೆಕ್ಟ್ರಾನಿಕ್ ಸಂಗೀತವೆಂದರೆ ಗುಂಡಿ ಒತ್ತುವುದು, ಅದರಲ್ಲಿ ಮನುಷ್ಯನ ಕೈಯೆಲ್ಲಿದೆ ಎಂದು ನಮ್ಮ ಬಂಧುಬಳಗದಲ್ಲಿ ಈಗಲೂ ಕೇಳುವವರಿದ್ದಾರೆ. ಅವರಿಗೆ ಬೆಂಗಳೂರನ್ನು ನೆನಪಿಸುತ್ತೇನೆ. ನೀವು 'ದಿ ಮ್ಯಾನ್ ಮಷೀನ್' ತಂದದ್ದು 1978ರಲ್ಲಿ. ಮರುವರ್ಷವೇ ಬೆಂಗಳೂರಿನ ಎಂಜಿನಿಯರ್ ಮತ್ತು ಕೊಳಲು ವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಕಂಪನಿಯ ಶ್ರುತಿಪೆಟ್ಟಿಗೆ ಇಂದು ಪಾಠದ ಮನೆಗಳಲ್ಲೂ ಕಚೇರಿಯ ವೇದಿಕೆಗಳಲ್ಲೂ ಇದೆ. ದಿನವೂ ಬೆಳಗ್ಗೆ ಅದರ ಸ್ವಿಚ್ ಹಾಕಿ, ಆ ಷಡ್ಜ ಪಂಚಮಗಳ ಮೇಲೆ ಸರಳೆವರಸೆ ಹೇಳಿದ ಮಕ್ಕಳು ಒಂದು ತಲೆಮಾರಿನಷ್ಟಿದ್ದಾರೆ. ಅವರು ಹಾಡಿದ್ದು ಸಂಗೀತವಲ್ಲವೆಂದು ಯಾರೂ ಹೇಳಿಲ್ಲ. ಯಂತ್ರ ಶ್ರುತಿ ಹಿಡಿಯಬಹುದು, ಕೇಳುವ ಕಿವಿ ಮಾತ್ರ ಮನುಷ್ಯರದೇ ಆಗಿರಬೇಕು. ನಿಮ್ಮ ಸಂಗೀತದಲ್ಲಿ ನನಗೆ ಸಿಕ್ಕಿದ್ದು ಅಂಥ ಕಿವಿ. ಹಳಿಯ ಮೇಲಿನ ರೈಲು, ಕೈಯಲ್ಲಿ ಹಿಡಿಯುವ ಕ್ಯಾಲ್ಕುಲೇಟರ್, ಏರು ಹತ್ತುವ ಸೈಕಲ್ ಸವಾರನ ಏದುಸಿರು, ಇವನ್ನೆಲ್ಲ ಅಷ್ಟು ಗೌರವದಿಂದ ಕೇಳಿಸಿಕೊಂಡವರು ಕಡಿಮೆ.

ವೇದಿಕೆಯಲ್ಲಿ ನೀವು ನಾಲ್ವರು ನಾಲ್ಕು ಮೇಜುಗಳ ಹಿಂದೆ ಸಾಲಾಗಿ, ಹೆಚ್ಚು ಅಲುಗಾಡದೆ ನಿಲ್ಲುವುದನ್ನು ವಿಡಿಯೊಗಳಲ್ಲಿ ನೋಡಿದೆ. ಬರೀ ನಿಂತಿರುತ್ತಾರಲ್ಲ ಅಂದಳು ಮಗಳು. ನನಗೆ ಆ ನಿಲುವು ಹಿಡಿಸಿತು. ಅಲ್ಲಿ ಯಾರೂ ಜನರನ್ನು ಕೈ ಎತ್ತಿ ಎಂದು ಒತ್ತಾಯಿಸುವುದಿಲ್ಲ. ಕಚೇರಿಯಲ್ಲಿ ತಂಬೂರಿ ಹಿಡಿದು ಹಿಂದೆ ಕೂರುವವರೂ ಹೀಗೆಯೇ, ತಮ್ಮ ಕಡೆಗೆ ಯಾರೂ ನೋಡಬೇಕೆಂದು ಅವರು ಬಯಸುವುದಿಲ್ಲ.

ಇನ್ನು ನನ್ನನ್ನು ಬಹಳ ಕಾಡಿದ ಹಾಡಿನ ವಿಷಯ. 1975ರಲ್ಲಿ ನೀವು 'ರೇಡಿಯೋಆಕ್ಟಿವಿಟಿ' ಮಾಡಿದಾಗ ಅದು ರೇಡಿಯೊ ಪ್ರಸಾರವನ್ನೂ ಅಣು ವಿಕಿರಣವನ್ನೂ ಒಂದೇ ಉಸಿರಿನಲ್ಲಿ ಹೇಳಿತ್ತು, ಯಾರ ಪಕ್ಷವನ್ನೂ ವಹಿಸಿರಲಿಲ್ಲ. ಚೆರ್ನೋಬಿಲ್ ದುರಂತದ ನಂತರ, 1991ರ 'ದಿ ಮಿಕ್ಸ್' ಆಲ್ಬಮ್‌ನಲ್ಲಿ, ಅದೇ ಹಾಡಿಗೆ ಚೆರ್ನೋಬಿಲ್, ಹಿರೋಷಿಮಾ ಮೊದಲಾದ ಊರುಗಳ ಹೆಸರು ಸೇರಿಸಿ, ಇದನ್ನು ನಿಲ್ಲಿಸಿ ಎಂದು ನೇರವಾಗಿ ಹೇಳಿದಿರಿ. 2012ರಲ್ಲಿ ಜಪಾನಿನಲ್ಲಿ ಸಂಗೀತಗಾರ ರ‍್ಯುಯಿಚಿ ಸಕಮೊಟೊ ಏರ್ಪಡಿಸಿದ ಅಣುವಿರೋಧಿ ಉತ್ಸವದಲ್ಲಿ ಫುಕುಶಿಮಾದ ಹೆಸರನ್ನೂ ಸೇರಿಸಿ, ಜಪಾನಿ ಭಾಷೆಯಲ್ಲೇ ಹಾಡಿದಿರಿ. ಸಕಮೊಟೊ 2023ರಲ್ಲಿ ತೀರಿಕೊಂಡರು. 2024ರಲ್ಲಿ ಫ್ಯೂಜಿ ರಾಕ್ ಉತ್ಸವದಲ್ಲಿ ನೀವು ಅವರ ಸ್ವರಸಂಯೋಜನೆಯೊಂದನ್ನು ನುಡಿಸಿ ಗೆಳೆಯನನ್ನು ನೆನೆದಿರಿ.

ಕನ್ನಡದವರಿಗೆ ಈ ಹಾಡು ದೂರದ್ದಲ್ಲ. ಕಾಳಿ ನದಿಯ ದಡದ ಕೈಗಾದಲ್ಲಿ ಅಣುಸ್ಥಾವರ ಬೇಡವೆಂದು ನಮ್ಮ ಹಿರಿಯ ಕಾದಂಬರಿಕಾರ ಶಿವರಾಮ ಕಾರಂತರು 1989ರಲ್ಲಿ, ತಮ್ಮ 87ನೇ ವಯಸ್ಸಿನಲ್ಲಿ, ಲೋಕಸಭೆ ಚುನಾವಣೆಗೇ ನಿಂತರು. ಸೋತರು. ಸ್ಥಾವರ ಎದ್ದಿತು, ಇಂದಿಗೂ ವಿದ್ಯುತ್ ಕೊಡುತ್ತಿದೆ. ಸರಿ ತಪ್ಪಿನ ವಾದ ಇನ್ನೂ ಮುಗಿದಿಲ್ಲ. ಆದರೆ ಒಮ್ಮೆ ಬರೆದದ್ದನ್ನು ಮತ್ತೆ ತೆರೆದು, ಲೋಕ ಬದಲಾದ ಹಾಗೆ ಅದಕ್ಕೆ ಹೊಸ ಹೊಣೆ ಹೊರಿಸುವ ಕಲಾವಿದರ ಬಗ್ಗೆ ನನಗೆ ತುಂಬು ಮರ್ಯಾದೆಯಿದೆ.

ಒಂದು ವಿಷಯದಲ್ಲಿ ಮಾತ್ರ ನಾನು ನಿಮ್ಮ ಪರ ಇಲ್ಲ. 1977ರ ನಿಮ್ಮ ಹಾಡಿನಿಂದ ಸುಮಾರು ಎರಡು ಸೆಕೆಂಡಿನ ತಾಳದ ತುಣುಕನ್ನು 1997ರಲ್ಲಿ ಜರ್ಮನಿಯದೇ ಒಂದು ರ‍್ಯಾಪ್ ಹಾಡು ಬಳಸಿಕೊಂಡಿತೆಂದು ನೀವು ಹೂಡಿದ ಮೊಕದ್ದಮೆ ಅಲ್ಲಿನ ಸಂವಿಧಾನ ನ್ಯಾಯಾಲಯವನ್ನೂ ಐರೋಪ್ಯ ಒಕ್ಕೂಟದ ನ್ಯಾಯಾಲಯವನ್ನೂ ಹತ್ತಿ, ಎರಡು ದಶಕಕ್ಕೂ ಮಿಕ್ಕಿ ನಡೆಯಿತು. ನಿಮ್ಮ ಹಕ್ಕು ನಿಮಗಿದೆ. ಆದರೂ 1982ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನ ಹುಡುಗರು 'ಪ್ಲ್ಯಾನೆಟ್ ರಾಕ್' ಹಾಡಿನಲ್ಲಿ ನಿಮ್ಮ ರೈಲಿನ ಹಾಡಿನ ರಾಗವನ್ನು ತಮ್ಮದಾಗಿಸಿಕೊಂಡದ್ದರಿಂದ, ಡೆಟ್ರಾಯ್ಟ್‌ನ ಯುವಕರು ನಿಮ್ಮನ್ನು ಕೇಳಿಕೇಳಿ ಟೆಕ್ನೋ ಸಂಗೀತ ಕಟ್ಟಿದ್ದರಿಂದಲೇ ನಿಮ್ಮ ಸಂಗೀತ ಇಷ್ಟು ಮನೆಗಳಿಗೆ ಹೋಯಿತು. ನಿಮ್ಮ 'ಕಂಪ್ಯೂಟರ್ ಲವ್' ಹಾಡಿನ ಎಳೆಯನ್ನು ಕೋಲ್ಡ್‌ಪ್ಲೇ ತಂಡ ಕೇಳಿದಾಗ ಕೊಟ್ಟಿರಿ. ಆ ಔದಾರ್ಯವೇ ನಿಮಗೆ ಒಪ್ಪುತ್ತದೆ.

ಫ್ಲೋರಿಯಾನ್ ಷ್ನೈಡರ್ ಅವರ ಹೆಸರೆತ್ತದೆ ಪತ್ರ ಮುಗಿಸಲಾರೆ. 1970ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ನೀವಿಬ್ಬರೂ ಸೇರಿ ತಂಡ ಕಟ್ಟಿದಿರಿ. ಅವರು 2008ರಲ್ಲಿ ತಂಡ ಬಿಟ್ಟರು, 2020ರಲ್ಲಿ ಲೋಕವನ್ನೇ ಬಿಟ್ಟರು. ಸ್ಥಾಪಕರಲ್ಲಿ ಈಗ ವೇದಿಕೆ ಹತ್ತುವವರು 78 ದಾಟಿದ ನೀವೊಬ್ಬರೇ. 'ಆಟೋಬಾನ್'ನಲ್ಲಿ ಕೇಳುವ ಕೊಳಲು ಅವರದು. ಯಂತ್ರಗಳೇ ನಡೆಸಿಕೊಂಡು ಹೋಗುತ್ತವೆ, ಮನುಷ್ಯರು ಯಾರಾದರೇನು ಎಂಬ ಅರ್ಥದ ಮಾತು ನಿಮ್ಮ ತಂಡದ ಸುತ್ತ ಮೊದಲಿನಿಂದಲೂ ಇದೆ. ಆ ಕೊಳಲನ್ನು ಕೇಳಿದ ಮೇಲೆ ನಾನದನ್ನು ಒಪ್ಪುವುದಿಲ್ಲ.

ಅದಕ್ಕೇ ನನ್ನ ಕೋರಿಕೆ. ಇಂಡಿಯೋಗೆ ಜನ ಬರುವುದು ಹತ್ತನೇ ನಂಬರಿನ ಇಂಟರ್‌ಸ್ಟೇಟ್ ಹೆದ್ದಾರಿ ಹಿಡಿದು, ಮರುಭೂಮಿಯ ನಡುವೆ ಗಂಟೆಗಟ್ಟಲೆ ಕಾರಿನಲ್ಲಿ ಕೂತು. ಮೈದಾನದಲ್ಲಿ ಒಂದು ವೇದಿಕೆಯಿಂದ ಇನ್ನೊಂದಕ್ಕೆ ಓಡುತ್ತ, ಒಂದು ಹಾಡಿನ ತುದಿ, ಮತ್ತೊಂದರ ನಡು ಕೇಳಿ ಹೊರಡುವವರೇ ಅಲ್ಲಿ ಬಹಳ. ನಿಮಗೆ ಸಿಗುವ ಹೊತ್ತೂ ಕಡಿಮೆ ಎಂಬುದು ಗೊತ್ತು. ಆದರೂ, ಆ ಹಾಡಿಗೆ ಐವತ್ತು ತುಂಬಿದ ಈ ಪ್ರವಾಸದಲ್ಲಿ, 'ಆಟೋಬಾನ್' ಅನ್ನು ದಯವಿಟ್ಟು ಕತ್ತರಿಸಬೇಡಿ. ಬೇರೆ ನಾಲ್ಕು ಹಾಡು ಬಿಟ್ಟುಹೋದರೂ ಸರಿ, ಆ 22 ನಿಮಿಷವನ್ನು ಪೂರ್ತಿ ನುಡಿಸಿ, ಕೊಳಲನ್ನೂ ಬಿಡದೆ. ಅರ್ಧದಲ್ಲಿ ಎದ್ದು ಹೋಗುವವರು ಹೋಗಲಿ, ನಾನೂ ನನ್ನ ಮಗಳೂ ಕೊನೆಯವರೆಗೆ ನಿಂತಿರುತ್ತೇವೆ.

ಇಂತಿ,
ಸ್ಯಾನ್ ಹೋಸೆಯ ಒಬ್ಬ ಕನ್ನಡತಿ