ವೈದ್ಯವರಣ ಮೀಮಾಂಸೆ

ವಧುವನ್ನು ನೋಡುವ ಕ್ರಮವನ್ನು ನಮ್ಮ ಪೂರ್ವಿಕರು ಸವಿಸ್ತಾರವಾಗಿ ವಿಧಿಸಿರುವರಾದರೂ, ಎಂ.ಬಿ.ಬಿ.ಎಸ್. ಪೂರೈಸಿ ಅಮೆರಿಕದ ಆಸ್ಪತ್ರೆಗಳಲ್ಲಿ ರೆಸಿಡೆನ್ಸಿ ಎಂಬ ಉನ್ನತ ತರಬೇತಿಯನ್ನು ಅಪೇಕ್ಷಿಸುವ ಡಾಕ್ಟರರನ್ನು ಕಂಪ್ಯೂಟರಿನ ಪರದೆಯಲ್ಲಿ ನೋಡುವ ಕ್ರಮದ ವಿಷಯದಲ್ಲಿ ಪಾಣೆಮಂಗಳೂರಿನ ವಿದ್ವಜ್ಜನರು ಇಂದಿನವರೆಗೂ ಮೌನ ತಾಳಿರುವುದು ಶಾಸ್ತ್ರಲೋಕಕ್ಕೆ ಬಗೆದ ಅಪಚಾರವೇ ಸರಿ. ಈ ಎರಡು ಕ್ರಮಗಳೂ ತತ್ತ್ವತಃ ಒಂದೇ ಎಂಬುದು ಪ್ರಕೃತ ಪ್ರಬಂಧದ ಪ್ರತಿಜ್ಞೆ.

ಮೊದಲು ದೇಶಕಾಲ ವಿಚಾರ. ನಮ್ಮ ದೇಶದಲ್ಲಿ ನೀಟ್ ಪಿ.ಜಿ. ಪರೀಕ್ಷೆಯ ರ‍್ಯಾಂಕೇ ಸೀಟನ್ನು ನಿರ್ಣಯಿಸುವುದರಿಂದ ಮುಖಾವಲೋಕನದ ಪ್ರಸಕ್ತಿಯಿಲ್ಲ. ಅಮೆರಿಕದ ಆಸ್ಪತ್ರೆಯವರಾದರೋ ಅಭ್ಯರ್ಥಿಯನ್ನು ಕಂಡು ಮಾತನಾಡಿಸದೆ ಒಪ್ಪರು. 2020ರ ಕೊರೊನಾಕ್ಕೆ ಮುನ್ನ ಅಭ್ಯರ್ಥಿಗಳು ಕೋಟು ತೊಟ್ಟು ಊರೂರು ಹಾರುತ್ತಿದ್ದರು. ಅಂದಿನಿಂದ ಈ ದರ್ಶನವು ಬಹುತೇಕ ಪರದೆಗೆ ಇಳಿದಿದೆ. ಚಳಿಗಾಲದಲ್ಲಿ ನ್ಯೂಯಾರ್ಕಿನ ಗಡಿಯಾರವು ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದಿರುವ ಕಾರಣ, ಅಲ್ಲಿಯ ಬೆಳಗಿನ 8 ಗಂಟೆಯ ಸಂದರ್ಶನವು ನೇತ್ರಾವತಿಯ ದಕ್ಷಿಣತೀರದಲ್ಲಿ ಸಂಜೆಯ 6.30ಕ್ಕೆ, ದೀಪ ಹಚ್ಚುವ ಹೊತ್ತಿಗೆ, ಒದಗುತ್ತದೆ; ಕ್ಯಾಲಿಫೋರ್ನಿಯಾದ್ದಾದರೆ ರಾತ್ರಿಯ 9.30ಕ್ಕೆ, ಅಂದರೆ ಬಯಲಾಟದ ಚೆಂಡೆ ಕಾವೇರಿದ ಸಮಯಕ್ಕೆ.

ದ್ವಿತೀಯವಾಗಿ ಸ್ಥಲಶುದ್ಧಿ. ಹುಡುಗನ ಕಡೆಯವರು ಬರುವ ದಿನ ಇಡೀ ಚಾವಡಿಯನ್ನು ಗುಡಿಸಬೇಕಾಗಿತ್ತು. ಇಲ್ಲಿಯೋ ಕ್ಯಾಮರಾಕ್ಕೆ ಬೀಳುವಷ್ಟು ಗೋಡೆ ಮಾತ್ರ ಸಂಸ್ಕಾರಕ್ಕೆ ಅರ್ಹ. ಅಲ್ಲಿಂದ ಸಹಕಾರಿ ಸಂಘದ ಕ್ಯಾಲೆಂಡರು, ತೆಂಗಿನಕಾಯಿಯ ಲೆಕ್ಕ ಗೀಚಿದ ಹಾಳೆ, ಹಾರ ಹಾಕಿದ ಅಜ್ಜನ ಪಟ ಇವೆಲ್ಲ ಉಚ್ಚಾಟಿತವಾಗಿ, ಅಂಗಳದ ಕ್ರೋಟನ್ ಗಿಡವೊಂದು ಚಟ್ಟಿ ಸಮೇತ ಪ್ರತಿಷ್ಠಾಪಿತವಾಗುತ್ತದೆ. ಕ್ಯಾಮರಾದ ಹಿಂದುಗಡೆಯ ಪ್ರಪಂಚದಲ್ಲಿ, ಸುಲಿಯದ ಅಡಿಕೆಯ ಗೋಣಿಗಳ ನಡುವೆ, ತಮ್ಮನು ಇನ್ವರ್ಟರಿನ ಕಾವಲಿಗೆ ಕುಳಿತಿರುತ್ತಾನೆ. ತಾಯಿಯವರು ಕುಕ್ಕರು ಕೂಗೀತೆಂದು ಒಲೆಯನ್ನು ಆರಿಸಿ, ಬಂದವರಿಗೆ ಬೆಲ್ಲನೀರು ಕೊಡುವ ಉಪಾಯ ಕಾಣದೆ ಬಾಗಿಲ ಮರೆಯಲ್ಲಿ ಪರಿತಪಿಸುತ್ತಾರೆ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುವನು: ಎದೆಯಿಂದ ಮೇಲಿನ ಭಾಗ ಮಾತ್ರ ಪ್ರತ್ಯಕ್ಷವಾಗಿ, ಶೇಷವೆಲ್ಲವೂ ಅನುಮಾನಕ್ಕೆ ಬಿಟ್ಟಿರುವ ಇಂತಹ ಅಲ್ಪದರ್ಶನದಿಂದ ಮನುಷ್ಯರ ಯೋಗ್ಯತೆ ಹೇಗೆ ತಿಳಿದೀತು? ಸಮಾಧಾನ: ಸಜ್ಜಿಗೆ ಅವಲಕ್ಕಿ ತಿಂದು, ಹಾಡು ಬರುತ್ತದೆಯೇ ಎಂದು ಕೇಳಿ, ಅರ್ಧ ಗಂಟೆಯಲ್ಲಿ ಎದ್ದುಹೋಗುತ್ತಿದ್ದ ನಮ್ಮ ಹಿರಿಯರಿಗೆ ಎಷ್ಟು ತಿಳಿಯುತ್ತಿತ್ತೋ ಇವರಿಗೂ ಅಷ್ಟೇ. ನಿನ್ನ ದೌರ್ಬಲ್ಯವೇನು ಎಂದರೆ ಅತಿಶಯವಾದ ಕರ್ತವ್ಯಶ್ರದ್ಧೆಯೆಂದು ಉತ್ತರಿಸುವುದೂ ಆ ಹಾಡೂ ಒಂದೇ ಜಾತಿಯ ಕಂಠಪಾಠಗಳು.

ಆದರೆ ಸಂದರ್ಶನಾನಂತರದ ಗಣಿತದಲ್ಲಿ ಪಾಶ್ಚಾತ್ಯರು ನಮ್ಮನ್ನು ಮೀರಿರುವುದನ್ನು ಒಪ್ಪಲೇಬೇಕು. ಉಭಯಪಕ್ಷಗಳೂ ತಮ್ಮ ಇಷ್ಟಾನುಕ್ರಮದ ಪಟ್ಟಿಯನ್ನು ಗೋಪ್ಯವಾಗಿ ಸಲ್ಲಿಸಿದರೆ, 1952ರಿಂದ ನಡೆದುಬಂದಿರುವ ರಾಷ್ಟ್ರೀಯ ವ್ಯವಸ್ಥೆಯೊಂದು ಜೋಡಿಗಳನ್ನು ಕೂಡಿಸಿ, ಮಾರ್ಚ್ ತಿಂಗಳ ಮೂರನೆಯ ಶುಕ್ರವಾರ ಫಲವನ್ನು ಸಾರುತ್ತದೆ. ಇಂತಹ ಕೂಡಿಕೆಯ ಪ್ರಮೇಯವನ್ನು ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ 1962ರಲ್ಲಿ ಸಾಧಿಸಿದಾಗ ಕಾಲೇಜಿನ ಪ್ರವೇಶದ ಜೊತೆಗೆ ವಿವಾಹವನ್ನೇ ದೃಷ್ಟಾಂತವಾಗಿ ತೆಗೆದುಕೊಂಡದ್ದು ನಮ್ಮ ಪ್ರತಿಜ್ಞೆಗೆ ಪ್ರಬಲ ಸಾಕ್ಷ್ಯ. ಅವರ ಸಿದ್ಧಾಂತದ ಸಾರವಿಷ್ಟು: ಯಾವ ಪಕ್ಷವು ಪ್ರಸ್ತಾಪ ಎತ್ತುವುದೋ, ಮುರಿಯದೆ ನಿಲ್ಲಬಲ್ಲ ಸಂಬಂಧಗಳಲ್ಲಿ ಅತ್ಯುತ್ತಮವಾದದ್ದು ಆ ಪಕ್ಷಕ್ಕೇ ದಕ್ಕುವುದು. ಮೊದಲು ಆಸ್ಪತ್ರೆಗಳ ಕಡೆಯಿಂದ ಎಣಿಸುತ್ತಿದ್ದ ಈ ಲೆಕ್ಕವನ್ನು ಆಲ್ವಿನ್ ರಾತ್ ಮತ್ತು ಎಲಿಯಟ್ ಪೆರಾನ್ಸನ್ ತಿದ್ದಿದ ಮೇಲೆ, 1998ರಿಂದ ಅಭ್ಯರ್ಥಿಗಳ ಕಡೆಯಿಂದ ಎಣಿಸಲಾಗುತ್ತಿದೆ. ರಾತ್ ಮತ್ತು ಶಾಪ್ಲಿ ಅವರಿಗೆ 2012ರ ಅರ್ಥಶಾಸ್ತ್ರದ ನೊಬೆಲ್ ಸಂದಿತು.

ಹೀಗಿರಲು ನಿರ್ಣಯ ಸ್ಪಷ್ಟ. ಹುಡುಗನ ಕಡೆಯವರೇ ಬಂದು ನೋಡಿ, ಮತ್ತೆ ತಿಳಿಸುತ್ತೇವೆಂದು ಎದ್ದುಹೋಗುವ ನಮ್ಮ ಪದ್ಧತಿಯು 1998ಕ್ಕೆ ಹಿಂದಿನದು. ಆದುದರಿಂದ ಬಂಟ್ವಾಳ ತಾಲೂಕಿನ ಸಮಸ್ತ ಮದುವೆ ಬ್ರೋಕರರಲ್ಲಿ ಗ್ರಂಥಕರ್ತನ ವಿನಮ್ರ ಬಿನ್ನಹವೇನೆಂದರೆ, ಇನ್ನು ಮುಂದೆ ಎಣಿಕೆಯನ್ನು ಹುಡುಗಿಯ ಮನೆಯಿಂದ ಆರಂಭಿಸತಕ್ಕದ್ದು. ಇದರಿಂದ ಕಮಿಷನ್ನಿಗೆ ಯಾವ ಬಾಧೆಯೂ ಇಲ್ಲ.