ದ್ವೈಪವಿವಾಹ ಮೀಮಾಂಸೆ

ಧರ್ಮಶಾಸ್ತ್ರಕಾರರು ಬ್ರಾಹ್ಮ, ದೈವ, ಆರ್ಷ, ಪ್ರಾಜಾಪತ್ಯ, ಆಸುರ, ಗಾಂಧರ್ವ, ರಾಕ್ಷಸ, ಪೈಶಾಚ ಎಂದು ಎಂಟು ಬಗೆಯ ವಿವಾಹಗಳನ್ನು ಎಣಿಸಿ ಅಲ್ಲಿಗೇ ನಿಲ್ಲಿಸಿದ್ದಕ್ಕೆ ಅವರ ಕಾಲದಲ್ಲಿ ಅಂಡಮಾನಿಗೆ ವಿಮಾನವಿಲ್ಲದಿದ್ದುದೇ ಕಾರಣವೆಂದು ಊಹಿಸಬೇಕಾಗುತ್ತದೆ. ಆ ಪಟ್ಟಿಗೆ ಒಂಬತ್ತನೆಯದಾಗಿ ಸೇರಬೇಕಾದದ್ದು ದ್ವೈಪವಿವಾಹ. ಅಂದರೆ, ವಧೂವರರಲ್ಲಿ ಯಾರೂ ಹುಟ್ಟಿ ಬೆಳೆಯದ, ಉಭಯ ಕುಲಗಳ ಯಾವ ದೇವರೂ ನೆಲೆಸದ, ಸುತ್ತಲೂ ಉಪ್ಪುನೀರಿರುವ ನೆಲವೊಂದಕ್ಕೆ ಎರಡು ಕುಟುಂಬಗಳು ಸಾಮಾನು ಸಮೇತ ತೆರಳಿ ಬಯಲಿನಲ್ಲಿ ‘ಸಿಂಪಲ್ಲಾಗಿ’ ನೆರವೇರಿಸುವ ಮದುವೆ. ಇಲ್ಲಿ ‘ಸಿಂಪಲ್’ ಎಂಬುದು ಪಾರಿಭಾಷಿಕ ಪದವಾಗಿದ್ದು, ಛತ್ರವಿಲ್ಲದ್ದು ಎಂಬಷ್ಟೇ ಅದರ ಅರ್ಥ. ಖರ್ಚು ಕಡಿಮೆಯಿರುವುದೆಂದು ಅದನ್ನು ಹಿಗ್ಗಿಸುವುದು ಅತಿವ್ಯಾಪ್ತಿ ದೋಷ, ಎಂದರೆ ಲಕ್ಷಣವು ತನಗೆ ಸಂಬಂಧಿಸದ ವಸ್ತುವಿಗೂ ಹರಡಿಕೊಳ್ಳುವ ತಪ್ಪು. ಸರಳತೆಯೇ ಗುರಿಯಾಗಿದ್ದರೆ ಕುವೆಂಪು ರೂಪಿಸಿದ ಮಂತ್ರಮಾಂಗಲ್ಯವಿತ್ತು. 1966ರಲ್ಲಿ ಅವರ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆ ಆ ಕ್ರಮದಲ್ಲಿ ನಡೆದಾಗ ಯಾರೂ ಹಡಗು ಹತ್ತಬೇಕಾಗಲಿಲ್ಲ.

ಹಾಗಾದರೆ ದ್ವೈಪವಿವಾಹದ ಪ್ರಯೋಜನವೇನೆಂದು ವಿಚಾರಿಸಬೇಕು. ಕಡಲಗಾಳಿ, ಬಿಳಿ ಮರಳು, ಬರಿಗಾಲ ನಡಿಗೆ ಮುಂತಾದವನ್ನು ವಧೂವರರು ಮುಂದಿಡುವುದುಂಟಾದರೂ ಇವು ಅರ್ಥವಾದಗಳು, ಅಂದರೆ ವಿಧಿಯನ್ನು ಹೊಗಳಿ ಒಪ್ಪಿಸಲು ಬಳಸುವ ಸ್ತುತಿವಾಕ್ಯಗಳು ಮಾತ್ರ. ಮುಖ್ಯ ಪ್ರಯೋಜನ ಬಂಧುಸಂಕ್ಷೇಪ. ಮನೆಗೆ ಹೋಗಿ ಅಕ್ಷತೆ ಕೊಟ್ಟು ಕರೆಯುವ ಪದ್ಧತಿಯಿರುವ ಸಮಾಜದಲ್ಲಿ ಒಬ್ಬ ದೊಡ್ಡಪ್ಪನ ಷಡ್ಡಕನನ್ನು ಕರೆಯದೆ ಬಿಟ್ಟರೂ ಆ ಮಾತು ಎರಡು ತಲೆಮಾರು ಉಳಿಯುತ್ತದೆ. ಆದರೆ ಅವನನ್ನು ಶ್ರದ್ಧೆಯಿಂದ ಕರೆದು, ಮದುವೆ ಚೆನ್ನೈನಿಂದ ಸುಮಾರು 1400 ಕಿಲೋಮೀಟರ್ ಆಚೆ ಬಂಗಾಳ ಕೊಲ್ಲಿಯ ತುದಿಯಲ್ಲಿದೆಯೆಂದು ತಿಳಿಸಿದರೆ, ‘ಬರಬೇಡಿ’ ಎಂಬ ಮಾತನ್ನು ಸಮುದ್ರವೇ ಆಡುತ್ತದೆ, ಮನೆಯವರ ನಾಲಿಗೆ ಶುದ್ಧವಾಗಿ ಉಳಿಯುತ್ತದೆ. ದ್ವೀಪದ ಆಯ್ಕೆಯ ಹಿಂದೆ ಇರುವುದು ಸೌಂದರ್ಯಶಾಸ್ತ್ರವಲ್ಲ, ಈ ಮರ್ಯಾದೆಯ ಲೆಕ್ಕಾಚಾರ.

ಈ ಲೆಕ್ಕಾಚಾರವನ್ನು ಭಗ್ನಗೊಳಿಸುವ ಸಂಗತಿಗಳು ಎರಡು. ಮೊದಲನೆಯದು ಎಲ್‌ಟಿಸಿ, ಅಂದರೆ ನೌಕರರಿಗೆ ಸರ್ಕಾರ ನೀಡುವ ರಜಾ ಪ್ರಯಾಣ ಸೌಲಭ್ಯ. ಕೇಂದ್ರ ಸರ್ಕಾರಿ ನೌಕರರು ಸ್ವಂತ ಊರಿಗೆ ಹೋಗಿಬರುವ ಪಾಲನ್ನು ಅಂಡಮಾನ್ ಪ್ರವಾಸಕ್ಕೆ ಬದಲಾಯಿಸಿಕೊಳ್ಳಲು ವಿಶೇಷ ಅವಕಾಶವಿರುವುದರಿಂದ, ಯಾರು ಬರಲಾರರೆಂದು ನಂಬಿ ಹೃತ್ಪೂರ್ವಕವಾಗಿ ಕರೆಯಲಾಗಿತ್ತೋ ಅವರೇ ಸಕುಟುಂಬವಾಗಿ ಎಲ್ಲರಿಗಿಂತ ಮೊದಲು ಟಿಕೆಟ್ ಕಾದಿರಿಸುತ್ತಾರೆ. ನಿಜಕ್ಕೂ ಬೇಕಾಗಿದ್ದ ಗೆಳೆಯರೋ ಖಾಸಗಿ ಕಂಪನಿಗಳಲ್ಲಿ ದುಡಿಯುವವರಾದ್ದರಿಂದ ಅವರಿಗೆ ರಜೆ ಸಿಗುವುದಿಲ್ಲ. ಎರಡನೆಯದು, ಚೆನ್ನೈಗೂ ಅಂಡಮಾನಿಗೂ ನಡುವೆ ಕಡಲ ತಳದಲ್ಲಿ ಹಾಸಿ 2020ರ ಆಗಸ್ಟ್ 10ರಂದು ಉದ್ಘಾಟಿಸಿದ, ಸುಮಾರು 2300 ಕಿಲೋಮೀಟರ್ ಉದ್ದದ ಆಪ್ಟಿಕಲ್ ಫೈಬರ್ ಕೇಬಲ್. ಇದರ ಕವಲೊಂದು ಮದುವೆಯ ದ್ವೀಪಕ್ಕೇ ಬಂದು ತಲಪಿರುವುದರಿಂದ, ದಾವಣಗೆರೆಯಲ್ಲಿ ಕುಳಿತ ಅತ್ತೆಯೊಬ್ಬರು ಧಾರೆಯ ನೇರಪ್ರಸಾರ ನೋಡುತ್ತಾ, ಹುಡುಗಿಯ ಸೆರಗು ಸರಿಯಿಲ್ಲವೆಂಬುದನ್ನು ಆ ಕ್ಷಣದಲ್ಲೇ ತಿಳಿಸಬಲ್ಲರು. ಛತ್ರದಲ್ಲಾದರೆ ಇಂಥ ಟಿಪ್ಪಣಿ ಊಟದ ಪಂಕ್ತಿಯವರೆಗಾದರೂ ಕಾಯುತ್ತಿತ್ತು.

ಸ್ಥಳನಿರ್ಣಯದ ವಿಷಯ ಸಂಕ್ಷಿಪ್ತವಾದದ್ದು. ಬೆಂಗಳೂರಿನ ಕುಟುಂಬಗಳು ಹೆಚ್ಚಾಗಿ ಒಲಿಯುವುದು ಹ್ಯಾವ್‌ಲಾಕ್‌ಗೆ. 2018ರ ಡಿಸೆಂಬರ್ 30ರಿಂದ ಇದರ ಹೆಸರು ಸ್ವರಾಜ್ ದ್ವೀಪ. ಅಲ್ಲಿಗೆ ಹೋಗಲು ಇಳಿಯಬೇಕಾದ ಪೋರ್ಟ್ ಬ್ಲೇರ್ 2024ರ ಸೆಪ್ಟೆಂಬರಿನಿಂದ ಶ್ರೀ ವಿಜಯಪುರಂ. ಆದ್ದರಿಂದ ಲಗ್ನಪತ್ರಿಕೆಯಲ್ಲಿ ವಧೂವರರ ಹೆಸರಿಗಿಂತ ಊರಿನ ಹೆಸರಿಗೆ ಹೆಚ್ಚು ಸಾಲುಗಳು ಬೇಕಾಗುತ್ತವೆ. ದೇಶವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಹಳ್ಳಿಗಳು ಅಲ್ಲಿದ್ದು, ಅವಕ್ಕೆ ಗೋವಿಂದನಗರ, ವಿಜಯನಗರ, ಶ್ಯಾಮನಗರ, ಕೃಷ್ಣನಗರ, ರಾಧಾನಗರ ಎಂದು ಹೆಸರುಗಳಿವೆ. ಮದುವೆ ವಿಜಯನಗರದಲ್ಲಿ ಎಂದಷ್ಟೇ ಕೇಳಿಸಿಕೊಂಡ ಅಜ್ಜಿಯೊಬ್ಬರು, ಮೆಟ್ರೋ ಇಳಿದು ಎಷ್ಟು ದೂರ ನಡೆಯಬೇಕೆಂದು ವಿಚಾರಿಸಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

ಕಾಲನಿರ್ಣಯವೇ ಈ ಶಾಸ್ತ್ರದ ಕಠಿಣ ಪ್ರಕರಣ. ನೈಋತ್ಯ ಮತ್ತು ಈಶಾನ್ಯ ಮಾರುತಗಳೆರಡೂ ಅಂಡಮಾನನ್ನು ನೆನೆಸುವುದರಿಂದ ಮೇ ತಿಂಗಳಿಂದ ನವೆಂಬರಿನವರೆಗೆ ಬಯಲು ಮದುವೆ ಅಸಾಧ್ಯಪ್ರಾಯ. ಡಿಸೆಂಬರಿನಲ್ಲಿ ಆಕಾಶ ತಿಳಿಯಾಗುವಷ್ಟರಲ್ಲೇ, ಆ ತಿಂಗಳ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸವಾದ್ದರಿಂದ ಪಂಚಾಂಗ ಬಾಗಿಲು ಹಾಕುತ್ತದೆ. ಮಾರ್ಚ್ ಪರೀಕ್ಷೆಗಳ ತಿಂಗಳು. ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಸಿದ ಎಲ್ಲ ಮಕ್ಕಳೂ ತಂದೆತಾಯಿಗಳೊಡನೆ ವಿಮಾನದಲ್ಲಿರುತ್ತಾರೆ. ಉಳಿಯುವುದು ಸಂಕ್ರಾಂತಿಯಿಂದ ಫೆಬ್ರವರಿಯ ಕೊನೆಯವರೆಗಿನ ಅವಧಿ. ಆ ವರ್ಷ ಗುರುವೋ ಶುಕ್ರನೋ ಅದೇ ಹೊತ್ತಿಗೆ ಅಸ್ತನಾದರೆ, ಅಂದರೆ ಸೂರ್ಯನ ಸಮೀಪಕ್ಕೆ ಸರಿದು ಕಾಣದಂತಾದರೆ, ಅದೂ ಇಲ್ಲ.

ದಿನ ಸಿಕ್ಕಿದ ಮೇಲೆ ಗಳಿಗೆಯ ಪ್ರಶ್ನೆ. ಬೆಂಗಳೂರು ಮತ್ತು ಹ್ಯಾವ್‌ಲಾಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿದ್ದರೂ ರೇಖಾಂಶದಲ್ಲಿ ಸುಮಾರು ಹದಿನೈದು ಡಿಗ್ರಿ ಅಂತರವಿದೆ. ಭೂಮಿ ಡಿಗ್ರಿಗೆ ನಾಲ್ಕು ನಿಮಿಷದಂತೆ ತಿರುಗುವುದರಿಂದ, ಗಡಿಯಾರ ಎರಡೂ ಕಡೆ ಒಂದೇ ಆದರೂ ಸೂರ್ಯ ದ್ವೀಪದಲ್ಲಿ ಒಂದು ಗಂಟೆ ಮೊದಲೇ ಹುಟ್ಟುತ್ತಾನೆ. ಲಗ್ನ, ಅಂದರೆ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿ, ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ, ಮಲ್ಲೇಶ್ವರದಲ್ಲಿ ಕುಳಿತು ಬೆಂಗಳೂರಿನ ಪಂಚಾಂಗದಿಂದ ತೆಗೆದ ಮುಹೂರ್ತವು ಆರಂಭವಾಗುವ ಹೊತ್ತಿಗೆ ಹ್ಯಾವ್‌ಲಾಕ್‌ನಲ್ಲಿ ಆ ಲಗ್ನದ ಅರ್ಧ ಮುಗಿದುಹೋಗಿರುತ್ತದೆ. ಈ ವಿಷಯ ಪುರೋಹಿತರಿಗೆ ಹೊಳೆಯುವುದು ವಿಮಾನದಲ್ಲಿ.

ವೆಡ್ಡಿಂಗ್ ಪ್ಲಾನರ್‌ಗೆ, ಎಂದರೆ ದಕ್ಷಿಣೆಯನ್ನು ಮುಂಗಡವಾಗಿ ಪಡೆಯುವ ನವೀನ ಪುರೋಹಿತವರ್ಗಕ್ಕೆ, ಇದಾವುದರ ಚಿಂತೆಯೂ ಇಲ್ಲ. ಅವರು ಪ್ರತಿಪಾದಿಸುವುದು ಸೂರ್ಯಾಸ್ತ ಮುಹೂರ್ತ. ಎಲ್ಲರಿಗೂ ಅನುಕೂಲವೆಂದು ಭಾನುವಾರವನ್ನೂ ಅವರೇ ಆರಿಸಿಕೊಡುತ್ತಾರೆ. ಹಗಲನ್ನು ಎಂಟು ಭಾಗ ಮಾಡಿ ದಿನಕ್ಕೊಂದು ಭಾಗವನ್ನು ರಾಹುವಿಗೆ ಬಿಟ್ಟುಕೊಟ್ಟಿರುವ ಗಣಿತದಲ್ಲಿ ಭಾನುವಾರದ ಪಾಲು ಕಟ್ಟಕಡೆಯ ಭಾಗವಾದ್ದರಿಂದ, ಭೂಮಂಡಲದ ಯಾವ ದ್ವೀಪಕ್ಕೆ ಹೋದರೂ ಭಾನುವಾರದ ಸೂರ್ಯಾಸ್ತವು ರಾಹುಕಾಲದ ತುದಿಯಲ್ಲೇ ಕುಳಿತಿರುತ್ತದೆ. ಸೂರ್ಯ ಪೂರ್ತಿ ಮುಳುಗಿದ ಮೇಲಿನ ಗೋಧೂಳಿ ಲಗ್ನದಿಂದ ಶಾಸ್ತ್ರವನ್ನು ಪಾರುಮಾಡಬಹುದು. ಆದರೆ ಆಗ ಫೋಟೋಗ್ರಾಫರ್‌ಗೆ ಬೆಳಕಿರುವುದಿಲ್ಲ. ಇದರ ಜೊತೆಗೆ ಉಬ್ಬರವಿಳಿತವಿದೆ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸಮುದ್ರ ಹೆಚ್ಚು ಏರುತ್ತದೆ, ಏರುವ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ, ಇಳಿದಾಗ ಗೋವಿಂದನಗರ, ವಿಜಯನಗರಗಳ ತೀರದಲ್ಲಿ ನೀರು ಬಹಳ ದೂರ ಸರಿದು ಕಲ್ಲುಗಳು ಮೇಲೇಳುತ್ತವೆ. ತಿಥಿಯೂ ಉಬ್ಬರವೂ ಒಬ್ಬನೇ ಚಂದ್ರನ ಕೈಕೆಳಗಿನ ಇಲಾಖೆಗಳಾಗಿದ್ದರೂ ಅವುಗಳ ನಡುವೆ ಪತ್ರವ್ಯವಹಾರವಿದ್ದಂತೆ ಕಾಣುವುದಿಲ್ಲ.

ಇನ್ನು ಅಧಿಕಾರ ವಿಚಾರ, ಅಂದರೆ ಕರ್ಮ ಮಾಡಿಸಲು ಅರ್ಹರಾರು ಎಂಬ ಚರ್ಚೆ. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪಾತಿತ್ಯಕ್ಕೆ ಕಾರಣವಾಗುವ ಕರ್ಮಗಳಲ್ಲಿ ಎಣಿಸಿರುವುದರಿಂದ, ಮದುವೆ ಮಾಡಿಸಲು ಹೋದ ಪುರೋಹಿತರೇ ದಾರಿಯಲ್ಲಿ ಮದುವೆ ಮಾಡಿಸುವ ಅಧಿಕಾರ ಕಳೆದುಕೊಳ್ಳುತ್ತಾರೆಂಬುದು ಪೂರ್ವಪಕ್ಷ. ಆಕಾಶಮಾರ್ಗವಾಗಿ ದಾಟಿದ್ದು ಸಮುದ್ರಯಾನವಾಗದು, ಹನುಮಂತನೇ ಪ್ರಮಾಣ ಎಂಬುದು ಸಮಾಧಾನ. ಆದರೆ ಹ್ಯಾವ್‌ಲಾಕ್‌ನಲ್ಲಿ ವಿಮಾನ ನಿಲ್ದಾಣವಿಲ್ಲದ ಕಾರಣ ಕೊನೆಯ ಸುಮಾರು ನಲವತ್ತು ಕಿಲೋಮೀಟರ್‌ಗಳನ್ನು ಫೆರ್ರಿಯಲ್ಲೇ ಕ್ರಮಿಸಬೇಕು. ಆ ಒಂದೂವರೆ ಎರಡು ಗಂಟೆಗಳ ಕಾಲ ಪುರೋಹಿತರಿಗೆ ಒದಗುವ ಹೊಟ್ಟೆತೊಳಸನ್ನೇ ಪ್ರಾಯಶ್ಚಿತ್ತವೆಂದು ಪರಿಗಣಿಸಿ, ದಡ ಮುಟ್ಟುವಷ್ಟರಲ್ಲಿ ಅವರು ಶುದ್ಧರೆಂದು ಭಾವಿಸುವುದು ಸಿದ್ಧಾಂತ.

ಸಾಮಗ್ರಿಯ ವಿಷಯದಲ್ಲಿ ವಿಮಾನಶಾಸ್ತ್ರ ಧರ್ಮಶಾಸ್ತ್ರಕ್ಕಿಂತ ಕಟ್ಟುನಿಟ್ಟು. ಕೊಬ್ಬರಿ, ಕರ್ಪೂರ, ಬೆಂಕಿಪೊಟ್ಟಣ ಮೂರೂ ಹೊತ್ತಿಕೊಳ್ಳಬಲ್ಲ ಪದಾರ್ಥಗಳಾದ್ದರಿಂದ, ಬಣ್ಣ ಬಳಿದು ವಧೂವರರ ಹೆಸರು ಬರೆಸಿದ ಕೊಬ್ಬರಿ ಗಿಟುಕುಗಳು ವಿಮಾನ ನಿಲ್ದಾಣದ ತಪಾಸಣೆಯಲ್ಲೇ ಉಳಿದುಕೊಳ್ಳುತ್ತವೆ. ಹಾಗೆ ನೋಡಿದರೆ ದ್ವೀಪದಲ್ಲಿ ತೆಂಗಿಗೂ ಅಡಿಕೆಗೂ ಕೊರತೆಯಿಲ್ಲ. ಸಾಗರ, ತೀರ್ಥಹಳ್ಳಿ ಕಡೆಯ ಬೀಗರಿದ್ದರೆ ಅವರನ್ನು ಕಡಲತೀರದಲ್ಲಿ ಹುಡುಕಬಾರದು. ಅವರು ಒಳನಾಡಿನ ಯಾವುದೋ ಅಡಿಕೆ ತೋಟದಲ್ಲಿ ನಿಂತು, ಭಾಷೆ ಬಾರದ ಬಂಗಾಳಿ ಮಾಲೀಕನಿಗೆ ಕೊಳೆರೋಗದ ಔಷಧಿಯನ್ನು ಕೈಸನ್ನೆಯಿಂದ ವಿವರಿಸುತ್ತಿರುತ್ತಾರೆ. ಇಡೀ ಸಮಾರಂಭದಲ್ಲಿ ನಿಜವಾಗಿ ನಿರಾಳವಾಗಿರುವವರು ಇವರು ಮಾತ್ರ ಎಂಬುದನ್ನು ಗಮನಿಸಬೇಕು.

ಕ್ರಿಯಾಭಾಗದಲ್ಲಿ ಕಾಶೀಯಾತ್ರೆ ಮೊದಲು ಬರುತ್ತದೆ. ಛತ್ರಿ, ಕೋಲು, ಪಾದರಕ್ಷೆಗಳೊಡನೆ ಸಂನ್ಯಾಸಕ್ಕೆ ಹೊರಟ ವರನನ್ನು ವಧುವಿನ ತಂದೆ ತಡೆದು ಮರಳಿ ಕರೆತರುವುದು ಕ್ರಮ. ದ್ವೀಪದಲ್ಲಿ ದಿನದ ಕೊನೆಯ ಫೆರ್ರಿ ಹೊರಟುಹೋಗಿದ್ದರೆ ತಡೆಯುವ ಅಗತ್ಯವೇ ಬೀಳದೆ, ವರನು ಎಷ್ಟು ದೂರ ನಡೆದರೂ ಮದುವೆಮನೆಗೇ ಬಂದು ಸೇರುತ್ತಾನೆ. ಈ ಒಂದು ಕರ್ಮಕ್ಕೆ ಮಾತ್ರ ದ್ವೀಪವು ಛತ್ರಕ್ಕಿಂತ ಶ್ರೇಷ್ಠ ಸ್ಥಳ.

ಹೋಮಕ್ಕೆ ದಂಪತಿಗಳು ಪೂರ್ವಾಭಿಮುಖವಾಗಿ ಕೂರಬೇಕು. ರಾಧಾನಗರದ ಕಡಲು ಪಶ್ಚಿಮಕ್ಕಿರುವುದರಿಂದ ಅವರ ಬೆನ್ನಿಗೆ ಸಮುದ್ರವೂ ಎದುರಿಗೆ ಅತಿಥಿಗಳೂ ಒದಗಿ, ಶಾಸ್ತ್ರವೂ ದೃಶ್ಯವೂ ಕೂಡಿಬಂದವೆಂದು ತೋರುತ್ತದೆ. ಆದರೆ ಇಳಿಬಿಸಿಲು ಹಿಂದಿನಿಂದ ಬಿದ್ದು ವಧೂವರರು ಕಪ್ಪು ಆಕೃತಿಗಳಾಗಿಬಿಡುತ್ತಾರೆ. ಹಗಲಿನ ಕಡಲಗಾಳಿ ನೀರಿನಿಂದ ನೆಲದ ಕಡೆಗೆ ಬೀಸುವುದರಿಂದ ಹೋಮದ ಹೊಗೆಯೆಲ್ಲ ಅತಿಥಿಗಳ ಕಣ್ಣಿಗೆ ಬರುತ್ತದೆ. ಆ ಕಣ್ಣೀರನ್ನು ವಿಡಿಯೋದಲ್ಲಿ ಭಾವುಕ ಕ್ಷಣಗಳೆಂದು ಜೋಡಿಸಲಾಗುತ್ತದೆ. ಮುಖದ ಮೇಲೆ ಬೆಳಕು ಬೀಳುವಂತೆ ಅವರನ್ನು ಪಶ್ಚಿಮಕ್ಕೆ ತಿರುಗಿಸಬೇಕೆಂದು ಫೋಟೋಗ್ರಾಫರ್ ಹಟ ಹಿಡಿದಾಗ ಯಾರ ಮಾತು ನಡೆಯುತ್ತದೆಂಬುದು, ಕಳೆದ ಹತ್ತು ವರ್ಷಗಳಲ್ಲಿ ಯಾವುದಾದರೂ ಮದುವೆಗೆ ಹೋಗಿಬಂದವರಿಗೆ ಹೇಳಬೇಕಾದ ವಿಷಯವಲ್ಲ.

ಸಪ್ತಪದಿಯಲ್ಲಿ ಕಾನೂನಿನ ಸಂಕಟವೊಂದು ಅಡಗಿದೆ. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನ ಪ್ರಕಾರ, ಸಪ್ತಪದಿಯನ್ನೊಳಗೊಂಡ ವಿವಾಹವು ಪೂರ್ಣವಾಗುವುದು ಏಳನೆಯ ಹೆಜ್ಜೆ ಇಟ್ಟಾಗ. ಮರಳಿನ ಮೇಲಿಟ್ಟ ಏಳು ಅಕ್ಕಿ ಗುಡ್ಡೆಗಳಲ್ಲಿ ಕೊನೆಯದನ್ನು, ಆರನೆಯ ಹೆಜ್ಜೆಯ ಹೊತ್ತಿಗೆ ಅಲೆಯೊಂದು ಬಂದು ಎತ್ತಿಕೊಂಡು ಹೋದರೆ ಆ ಜೋಡಿಯ ಸ್ಥಿತಿಯೇನೆಂದು ಕಾಯ್ದೆ ಹೇಳುವುದಿಲ್ಲ. ಅರುಂಧತೀ ದರ್ಶನ ಮಾತ್ರ ಇಲ್ಲಿ ಸಾಂಗವಾಗಿ ನೆರವೇರಬಲ್ಲದು. ನಗರದ ಮದುವೆಗಳಲ್ಲಿ ನಡುಹಗಲಿನಲ್ಲಿ ಛತ್ರದ ಫ್ಯಾನಿನ ಕಡೆ ಬೆರಳು ತೋರಿಸಿ ಮುಗಿಸುವ ಈ ವಿಧಿಗೆ, ಫೆಬ್ರವರಿಯ ರಾತ್ರಿ ಊಟವಾದ ಮೇಲೆ ದ್ವೀಪದ ಈಶಾನ್ಯ ಆಕಾಶದಲ್ಲಿ ಸಪ್ತರ್ಷಿಗಳ ನಡುವೆ ಆ ನಕ್ಷತ್ರ ನಿಜವಾಗಿಯೂ ಕಾಣುತ್ತದೆ. ಆದರೆ ಆ ಹೊತ್ತಿಗೆ ಡಿಜೆ ಶುರುವಾಗಿರುತ್ತದೆ.

ಮದುವೆ ಮುಗಿದ ಮೇಲೆ ಮುಯ್ಯಿಯ ಪ್ರಶ್ನೆ ಏಳುತ್ತದೆ. ಮುಯ್ಯಿ ಎಂದರೆ ಒಂದು ಮನೆಯ ಶುಭಕಾರ್ಯಕ್ಕೆ ಕೊಟ್ಟದ್ದನ್ನು ಆ ಮನೆಯವರು ತಮ್ಮ ಸರದಿಯಲ್ಲಿ ಹಿಂದಿರುಗಿಸುವ ಉಡುಗೊರೆ. ವಧುವಿನ ತಂದೆ ಮೂವತ್ತು ವರ್ಷ ಊರೂರು ಸುತ್ತಿ ಕವರು ಕೊಟ್ಟು ಬಂದ ಮನೆಗಳೆಲ್ಲ ಈಗ ಋಣ ತೀರಿಸಲು ಕಾದಿರುವಾಗ, ಸಮುದ್ರವನ್ನು ಅಡ್ಡ ಹಾಕಿ ಅವರನ್ನು ಸಾಲಗಾರರಾಗಿಯೇ ಉಳಿಸುವುದು ಅಧರ್ಮವೆಂದು ಆತನಿಗೆ ಹ್ಯಾವ್‌ಲಾಕ್‌ನಿಂದ ಮರಳುವ ಫೆರ್ರಿಯಲ್ಲೇ ಹೊಳೆಯುತ್ತದೆ. ಹೀಗಾಗಿ ಮುಂದಿನ ಭಾನುವಾರವೇ ಬೆಂಗಳೂರಿನಲ್ಲಿ ಆರತಕ್ಷತೆ. ದೊಡ್ಡಪ್ಪನ ಷಡ್ಡಕನೂ ಸೇರಿದಂತೆ ಸಾವಿರ ಜನ. ಊಟದಲ್ಲಿ ಬಿಸಿಬೇಳೆಬಾತ್, ಹೋಳಿಗೆ ಮತ್ತು ಲೈವ್ ದೋಸೆ ಕೌಂಟರ್. ವೇದಿಕೆಯ ಹಿನ್ನೆಲೆಗೆ ಥರ್ಮಾಕೋಲಿನ ಅಲೆಗಳನ್ನೂ ಪ್ಲಾಸ್ಟಿಕ್ಕಿನ ಎರಡು ತೆಂಗಿನ ಮರಗಳನ್ನೂ ಡೆಕೋರೇಷನ್‌ನವರೇ ತಂದು ನಿಲ್ಲಿಸುತ್ತಾರೆ. ಅವುಗಳ ಬಾಡಿಗೆ ಛತ್ರದ ಪ್ಯಾಕೇಜಿನಲ್ಲೇ ಸೇರಿರುತ್ತದೆ.